ಒಂಬತ್ತು ನಿಮಿಷದ ವ್ಯತ್ಯಾಸ

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಜರ್‌ಗಳ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ಪೈಸೆ ಹೆಚ್ಚು ಬಂದರೂ ತಪ್ಪು, ಹತ್ತು ಪೈಸೆ ಕಡಿಮೆ ಬಂದರೂ ತಪ್ಪು. ಆಗ ಹಿರಿಯ ಗುಮಾಸ್ತರೊಬ್ಬರು ನನಗೊಂದು ಗುಟ್ಟು ಹೇಳಿಕೊಟ್ಟರು. "ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆಯೇ ನೋಡು. ಆದರೆ, ಯಾರೋ ಅಂಕಿಗಳನ್ನು ಅದಲುಬದಲು ಬರೆದಿರಬಹುದು."

54 ಬರೆಯುವ ಕಡೆ 45 ಬರೆದರೆ ವ್ಯತ್ಯಾಸ 9. 82ರ ಬದಲು 28 ಬರೆದರೆ ವ್ಯತ್ಯಾಸ 54. ಅದೂ ಒಂಬತ್ತರ ಮಗ್ಗಿಯಲ್ಲೇ ಇದೆ. ಮಕ್ಕಳೇ, ನೀವೂ ಬೇರೆ ಬೇರೆ ಅಂಕಿ ಇಟ್ಟು ಮಾಡಿ ನೋಡಿ.

ಈ ಒಂಬತ್ತು ನನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಶರಾವತಿ ಹಿನ್ನೀರಿನ ದಡದಲ್ಲಿ ಮತ್ತೆ ಎದುರಾಯಿತು. ಅದರ ಕಥೆ ಇದು.

ಬೆಂಡು ಕಳಚಿದ ದಿನ

ನಾನು ಹುಟ್ಟಿದ್ದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಎಂಟು ವರ್ಷದವನಿದ್ದಾಗ ಸೋದರಮಾವ ನನ್ನ ಸೊಂಟಕ್ಕೆ ಬೆಂಡು ಕಟ್ಟಿ ತೋಟದ ಕೆರೆಗೆ ಇಳಿಸಿದರು. ಆಗೆಲ್ಲ ಈಜು ಕಲಿಯುತ್ತಿದ್ದುದೇ ಹಾಗೆ. ನಾಲ್ಕು ಸಲ ಕೈಕಾಲು ಬಡಿಯುವಷ್ಟರಲ್ಲಿ ಗಂಟು ಸಡಿಲಾಗಿ ಬೆಂಡು ಒಂದು ಕಡೆ, ನಾನು ಒಂದು ಕಡೆ. ಮಾವ ಕೂದಲು ಹಿಡಿದು ಮೇಲೆಳೆದರು. ಹೊಟ್ಟೆ ತುಂಬ ನೀರು ಕುಡಿದಿದ್ದೆ.

ಅಂದಿನಿಂದ ಸುಮಾರು ಅರವತ್ತು ವರ್ಷ ನಾನು ಮೊಣಕಾಲಿನ ಮೇಲೆ ನೀರು ಬರುವ ಕಡೆ ಕಾಲಿಟ್ಟವನಲ್ಲ. ಬ್ಯಾಂಕಿನವರೆಲ್ಲ ಪ್ರವಾಸ ಹೋದಾಗ ಅವರು ಸಮುದ್ರಕ್ಕೆ ಇಳಿಯುತ್ತಿದ್ದರು. ನಾನು ಎಲ್ಲರ ವಾಚು, ಪರ್ಸು, ಕನ್ನಡಕ ಕಾಯುತ್ತ ಮರಳಿನ ಮೇಲೆ ಕೂರುತ್ತಿದ್ದೆ. ಸಹೋದ್ಯೋಗಿಗಳು ನನಗೆ "ದಡದ ಕ್ಯಾಷಿಯರ್" ಎಂದು ಹೆಸರಿಟ್ಟಿದ್ದರು. ನಾನೂ ನಗುತ್ತಿದ್ದೆ. ಹೆದರಿಕೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ ಮಂಡಿನೋವು ಶುರುವಾಯಿತು. ವೈದ್ಯರು, "ನೀರಿನಲ್ಲಿ ವ್ಯಾಯಾಮ ಮಾಡಿ, ಮಂಡಿಯ ಮೇಲೆ ಭಾರ ಬೀಳುವುದಿಲ್ಲ" ಎಂದರು. ಶಿವಮೊಗ್ಗದಲ್ಲಿ ಈಜುಕೊಳಕ್ಕೆ ಸೇರಿದೆ. ನನ್ನ ಜೊತೆ ಕಲಿಯಲು ಬಂದವರೆಲ್ಲ ಒಂದನೆಯ, ಎರಡನೆಯ ತರಗತಿಯ ಮಕ್ಕಳು. ನಮ್ಮ ತರಬೇತುದಾರ ಹುಡುಗ ಮೊದಲ ವಾರ ಕಲಿಸಿದ್ದು ಒಂದೇ ಪಾಠ. ಮುಖವನ್ನು ನೀರಿನಲ್ಲಿಟ್ಟು ಗುಳ್ಳೆ ಬಿಡುವುದು.

"ಸರ್, ಹೆದರಿದವರು ಉಸಿರು ಬಿಗಿಹಿಡಿಯುತ್ತಾರೆ. ಒಳಗಿನ ಗಾಳಿ ಹೊರಗೆ ಹೋಗದೆ ಹೊಸ ಗಾಳಿ ಎಲ್ಲಿಂದ ಬರಬೇಕು? ನೀರಿನೊಳಗೆ ಬಿಡಿ, ಮೇಲೆ ಬಂದು ತಗೊಳ್ಳಿ" ಎಂದ. ಅರವತ್ತು ವರ್ಷ ನನಗೆ ತಿಳಿಯದಿದ್ದುದು ಇಷ್ಟೇ ನೋಡಿ. ಕೊಳದ ಒಂದು ಉದ್ದ ಈಜಲು ನನಗೆ ಆರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಆ ಮಕ್ಕಳು ಮೀನಾಗಿದ್ದರು.

ಮೂರು ಆಟ, ಒಂದು ಗಡಿಯಾರ

ನನ್ನ ಮೊಮ್ಮಗಳು ಎಂಟನೆಯ ತರಗತಿ. ಒಂದು ದಿನ ಓಡುತ್ತ ಬಂದು, "ಅಜ್ಜ, ಹಿನ್ನೀರಿನ ಹತ್ತಿರ ಆಫ್‌ರೋಡ್ ಟ್ರಯಥ್ಲಾನ್ ಅಂತೆ. ಹದಿನಾರು ವರ್ಷ ತುಂಬಿರಬೇಕಂತೆ, ನನಗಾಗಲ್ಲ. ನಿನಗೆ ತುಂಬಿದೆಯಲ್ಲ!" ಎಂದಳು.

ಟ್ರಯಥ್ಲಾನ್ ಎಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಸ್ಪರ್ಧೆ. ನಡುವೆ ಗಡಿಯಾರ ನಿಲ್ಲುವುದಿಲ್ಲ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 46 ಮಂದಿ ಸೇರಿ ಈ ಹೆಸರಿನ ಸ್ಪರ್ಧೆ ನಡೆಸಿದರು. 1978ರಲ್ಲಿ ಹವಾಯಿಯಲ್ಲಿ 15 ಮಂದಿ ಇನ್ನೂ ದೊಡ್ಡದೊಂದಕ್ಕೆ ಕೈಹಾಕಿದರು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಅದರ ಹೆಸರು ಐರನ್‌ಮ್ಯಾನ್. ಅಂದು ಗುರಿ ಮುಟ್ಟಿದವರು 12 ಜನ. ಡಾಂಬರು ರಸ್ತೆ ಬಿಟ್ಟು ಕಾಡು, ಕಲ್ಲು, ಕೆಸರಿನ ದಾರಿಯಲ್ಲಿ ನಡೆಯುವುದು ಆಫ್‌ರೋಡ್ ಟ್ರಯಥ್ಲಾನ್. ಅದರ ಹೆಸರಾಂತ ಸ್ಪರ್ಧೆ ಎಕ್ಸ್‌ಟೆರಾ 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಆರಂಭವಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ರಸ್ತೆಯ ಟ್ರಯಥ್ಲಾನ್ ಮೊದಲ ಸಲ ಸೇರಿತು.

"ರೀ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ? ಬಿದ್ದು ಸೊಂಟ ಮುರಿದರೆ ನೋಡಿಕೊಳ್ಳುವವರು ಯಾರು?" ಎಂದಳು ನನ್ನಾಕೆ. ನಾನು ಜಪಾನಿನ ಹಿರೋಮು ಇನಾಡ ಅವರ ಕಥೆ ಹೇಳಿದೆ. ಅವರು ಈಜಲು ಶುರುಮಾಡಿದ್ದೇ ಅರವತ್ತರ ಹೊತ್ತಿಗೆ. ಮೊದಲ ಟ್ರಯಥ್ಲಾನ್ ಮಾಡಿದ್ದು ಎಪ್ಪತ್ತರಲ್ಲಿ. 2018ರಲ್ಲಿ, 85ನೆಯ ವಯಸ್ಸಿನಲ್ಲಿ, ಹವಾಯಿಯ ಐರನ್‌ಮ್ಯಾನ್ ವಿಶ್ವ ಸ್ಪರ್ಧೆಯನ್ನು ಗಡುವಿನೊಳಗೆ ಮುಗಿಸಿದರು. ಅಮೆರಿಕದ ಸನ್ಯಾಸಿನಿ ಮಡೋನಾ ಬ್ಯೂಡರ್ 2012ರಲ್ಲಿ 82ನೆಯ ವಯಸ್ಸಿನಲ್ಲಿ ಐರನ್‌ಮ್ಯಾನ್ ಪೂರೈಸಿದರು.

"ಅವರಿಗೆ ನಿಮ್ಮ ಮಂಡಿ ಇರಲಿಲ್ಲ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ಹೃದಯದ ವೈದ್ಯರು ಹೂಂ ಎಂದರೆ ಹೋಗುವುದು, ಊಹೂಂ ಎಂದರೆ ಬಿಡುವುದು. ಅವರು ಹೂಂ ಎಂದರು, "ನಿಧಾನವಾಗಿ" ಎಂಬ ಮಾತನ್ನೂ ಸೇರಿಸಿದರು. ನನ್ನ ವಯಸ್ಸಿನವರು ಯಾರೇ ಆಗಲಿ, ಈ ಹೆಜ್ಜೆಯನ್ನು ಮಾತ್ರ ತಪ್ಪಿಸಬೇಡಿ.

ನಮ್ಮ ಸ್ಪರ್ಧೆ ಚಿಕ್ಕದು. 400 ಮೀಟರ್ ಈಜು, 12 ಕಿ.ಮೀ. ಸೈಕಲ್, 4 ಕಿ.ಮೀ. ಓಟ. ಗಡುವು ಮೂರು ಗಂಟೆ. ಐದು ತಿಂಗಳು ಅಭ್ಯಾಸ ಮಾಡಿದೆ.

ಹಿಡಿಯಲು ಗೋಡೆಯಿಲ್ಲ

ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಹಿನ್ನೀರಿನ ಮೇಲೆ ಮಂಜು ಏಳುತ್ತಿತ್ತು. ಸ್ವಯಂಸೇವಕಿಯಾಗಿದ್ದ ಮೊಮ್ಮಗಳು ನನ್ನ ತೋಳಿನ ಮೇಲೆ ಮಾರ್ಕರ್‌ನಿಂದ ನಂಬರ್ ಬರೆದಳು. ಎಲ್ಲರ ಸೊಂಟಕ್ಕೂ ಗಾಳಿ ತುಂಬಿದ ಕಿತ್ತಳೆ ಬಣ್ಣದ ಬುರುಡೆಯೊಂದನ್ನು ಕಟ್ಟಿದರು. ನಮ್ಮ ಬೆಂಡಿನ ಮೊಮ್ಮಗ ಎಂದುಕೊಂಡೆ. ಗಂಟನ್ನು ಮೂರು ಸಲ ಎಳೆದು ನೋಡಿದೆ.

ಕೊಳದಲ್ಲಿ ತಳದ ಗೆರೆ ಕಾಣುತ್ತದೆ, ಸುಸ್ತಾದರೆ ಗೋಡೆ ಸಿಗುತ್ತದೆ. ಇಲ್ಲಿ ಎರಡೂ ಇಲ್ಲ. ಏಳೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಕತ್ತೆತ್ತಿ, ಗುರುತಿಗೆ ತೇಲಿಬಿಟ್ಟ ದೊಡ್ಡ ಬುರುಡೆ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ದಾರಿ ತಪ್ಪುತ್ತದೆ.

ನೂರು ಮೀಟರ್ ಹೋಗಿರಬಹುದು. ಯಾರದೋ ಕಾಲು ನನ್ನ ಈಜುಗನ್ನಡಕಕ್ಕೆ ಬಡಿಯಿತು, ಬಾಯಿಗೆ ನೀರು ನುಗ್ಗಿತು. ಅಷ್ಟೇ, ನಾನು ಮತ್ತೆ ಎಂಟು ವರ್ಷದ ಹುಡುಗ. ಎದೆ ಡಬಡಬ ಹೊಡೆದುಕೊಂಡಿತು. ಕಾಲು ಕೆಳಗೆ ಇಳಿಯಿತು, ತಳ ಸಿಗಲಿಲ್ಲ.

ಹತ್ತಿರವೇ ಇದ್ದ ಕಯಾಕ್ ದೋಣಿಯ ಹುಡುಗಿ ಕೂಗಿದಳು. "ಅಜ್ಜಾ, ಬುರುಡೆ ತಬ್ಬಿಕೊಳ್ಳಿ! ಬಂದೆ!" ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಬಹುದು, ಅದು ನಮ್ಮನ್ನು ಮುಂದಕ್ಕೆ ಎಳೆಯಬಾರದು, ಇದು ನಿಯಮ. ಹಿಡಿದುಕೊಂಡೆ. "ದಡಕ್ಕೆ ಕರೆದುಕೊಂಡು ಹೋಗಲಾ?" ಎಂದಳು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಮುಖವನ್ನು ನೀರಿನಲ್ಲಿಟ್ಟು ಗುಳ್ಳೆ ಬಿಟ್ಟೆ. ಒಂದು, ಎರಡು, ಹತ್ತು. ಎದೆಬಡಿತ ಇಳಿಯಿತು. ಆಮೇಲೆ ನೋಟು ಎಣಿಸುವ ಹಾಗೆ ಕೈಗಳನ್ನು ಎಣಿಸತೊಡಗಿದೆ. ನೂರಕ್ಕೆ ಒಂದು ಕಟ್ಟು, ಮತ್ತೆ ಒಂದರಿಂದ. ಹಾಗೆ ಕಟ್ಟು ಕಟ್ಟಾಗಿ ದಡ ಮುಟ್ಟಿದೆ.

ದರೆ, ಸಂಕ, ತರಗೆಲೆ

ಮುಂದೆ ಸೈಕಲ್. ಕಾಡಿನ ದಾರಿಗೆ ಅಗಲ ಟೈರಿನ ಮೌಂಟನ್ ಬೈಕ್ ಬೇಕು. ಗಾಳಿ ತುಸು ಕಡಿಮೆ ಇದ್ದರೆ ಟೈರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಏರು ಬರುವ ಮೊದಲೇ ಗೇರ್ ಬದಲಿಸಬೇಕು. ಇಳಿಜಾರಿನಲ್ಲಿ ಮೈಭಾರ ಹಿಂದಕ್ಕೆ ಇರಬೇಕು. ಕಲ್ಲನ್ನೇ ನೋಡಿದರೆ ಸೈಕಲ್ ಕಲ್ಲಿಗೇ ಹೋಗುತ್ತದೆ, ಹೋಗಬೇಕಾದ ದಾರಿಯನ್ನು ನೋಡಬೇಕು. ಇಷ್ಟೆಲ್ಲ ಗೊತ್ತಿದ್ದೂ ತರಗೆಲೆಯ ಕೆಳಗೆ ಅಡಗಿದ್ದ ಬೇರು ಕಾಣದೆ ಮುಂದಿನ ಬ್ರೇಕ್ ಒತ್ತಿ ಬಿದ್ದೆ. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಮೊಣಕೈ ತರಚಿತು. ಹಳ್ಳಕ್ಕೆ ಅಡ್ಡಲಾಗಿದ್ದ ಸಂಕದ ಮೇಲೆ ಸೈಕಲ್ ಹೊತ್ತು ದಾಟಿದೆ. ದರೆ ಬಂದಲ್ಲೆಲ್ಲ ಇಳಿದು ತಳ್ಳಿದೆ. ತಳ್ಳಿದರೆ ತಪ್ಪಲ್ಲ.

ಸೈಕಲ್ ಇಳಿದು ಓಡಲು ಹೊರಟರೆ ಕಾಲು ನಮ್ಮದಲ್ಲ ಅನಿಸುತ್ತದೆ. ಸುತ್ತಿ ಸುತ್ತಿ ಮರಗಟ್ಟಿದ ಕಾಲಿಗೆ ಓಟ ನೆನಪಾಗಲು ಸ್ವಲ್ಪ ಹೊತ್ತು ಬೇಕು. ಓಡಿದೆ, ನಡೆದೆ, ಮತ್ತೆ ಓಡಿದೆ. ನನ್ನ ಹಿಂದೆ ಇದ್ದವನು ಒಬ್ಬನೇ, ಕೊನೆಯವರ ಜೊತೆ ಬರಲು ನೇಮಿಸಿದ್ದ ಸ್ವಯಂಸೇವಕ.

ಗುರಿ ಮುಟ್ಟಿದಾಗ ಗಡಿಯಾರ 3 ಗಂಟೆ 9 ನಿಮಿಷ ತೋರಿಸುತ್ತಿತ್ತು.

ಲೆಕ್ಕ ತಾಳೆ

ಸಮಯ ಬರೆಯುತ್ತಿದ್ದ ಯುವಕ ಎದ್ದು ಬಂದು ಮೆಲ್ಲಗೆ ಹೇಳಿದ. "ಅಜ್ಜ, ಎರಡು ಐವತ್ತೊಂಬತ್ತು ಅಂತ ಬರೆದುಕೊಳ್ಳುತ್ತೇನೆ. ನಿಮಗೆ ಪದಕ ಕೊಡದೆ ಇನ್ಯಾರಿಗೆ ಕೊಡುವುದು?" ಅವನ ಮನಸ್ಸು ಒಳ್ಳೆಯದು. ಪಕ್ಕದಲ್ಲಿ ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ನನಗೆ ಪದಕದ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದನ್ನು ಹಾಕಿಕೊಂಡು ಮನೆಯಾಕೆಯ ಮುಂದೆ ನಿಲ್ಲುವ ಚಿತ್ರ ದಾರಿಯುದ್ದಕ್ಕೂ ಕಣ್ಣಮುಂದೆ ಇತ್ತು.

"ಬೇಡಪ್ಪ. ಇದ್ದದ್ದನ್ನೇ ಬರಿ" ಎಂದೆ.

ಬರುವಾಗ ಕಾರಿನಲ್ಲಿ ಮೊಮ್ಮಗಳು ಸಪ್ಪಗೆ ಕೇಳಿದಳು. "ತಗೋಬಹುದಿತ್ತಲ್ವಾ ಅಜ್ಜ? ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಿನಗೆ ಗೊತ್ತಾಗ್ತಿತ್ತಲ್ಲ ಪುಟ್ಟಿ" ಎಂದೆ. ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, "ವ್ಯತ್ಯಾಸ ಒಂಬತ್ತು! ಅಜ್ಜ, ಎಲ್ಲೋ ಅದಲುಬದಲಾಗಿದೆ, ಹುಡುಕೋಣ" ಎಂದು ಫಲಿತಾಂಶದ ಚೀಟಿ ತೆಗೆದಳು.

ಈಜು 21 ನಿಮಿಷ. ಸೈಕಲ್ 98. ಓಟ 53. ಒಟ್ಟು 172. ಅಂದರೆ 2 ಗಂಟೆ 52 ನಿಮಿಷ! ಹಾಗಾದರೆ ಉಳಿದ 17 ನಿಮಿಷ ಎಲ್ಲಿ ಹೋಯಿತು? ಚೀಟಿಯಲ್ಲೇ ಇತ್ತು. ಈಜಿನಿಂದ ಸೈಕಲ್‌ಗೆ ಬದಲಾಗಲು 11, ಸೈಕಲ್‌ನಿಂದ ಓಟಕ್ಕೆ 6. ಇದಕ್ಕೆ ಟ್ರಾನ್ಸಿಷನ್ ಎನ್ನುತ್ತಾರೆ, ಟ್ರಯಥ್ಲಾನಿನ ನಾಲ್ಕನೆಯ ಆಟ ಎಂದೂ ಕರೆಯುತ್ತಾರೆ. ಅಲ್ಲಿ ನಾನು ಏನು ಮಾಡಿದ್ದೆ? ತಲೆ ಒರೆಸಿಕೊಂಡು, ಕಾಲ್ಬೆರಳ ಸಂದಿಗೆ ಪೌಡರ್ ಹಾಕಿ, ಅಂಗಿಯ ಗುಂಡಿಗಳನ್ನೆಲ್ಲ ಹಾಕಿ, ಟವೆಲನ್ನು ನೀಟಾಗಿ ನಾಲ್ಕು ಮಡಿಕೆ ಮಡಚಿ ಇಟ್ಟಿದ್ದೆ. ಎರಡನೆಯ ಸಲ ಶೂ ಬದಲಿಸಿ, ಲೇಸಿಗೆ ಎರಡೆರಡು ಗಂಟು ಹಾಕಿದ್ದೆ. ವಯಸ್ಸು ನನ್ನನ್ನು ಸೋಲಿಸಿತು ಎಂದುಕೊಂಡಿದ್ದೆ. ಸೋಲಿಸಿದ್ದು ಟವೆಲು.

ಮನೆಗೆ ಬಂದು ಎಲ್ಲ ಹೇಳಿದೆ. ನನ್ನಾಕೆ ಮೊದಲು ಮೊಣಕೈಗೆ ಅರಿಶಿನ ಹಚ್ಚಿದಳು. ಬೈಯಲಿಲ್ಲ. ಚೀಟಿಯನ್ನು ಒಮ್ಮೆ ಓದಿ, "ಮುಂದಿನ ವರ್ಷವೂ ಇದೆಯಂತಾ?" ಎಂದು ಮಾತ್ರ ಕೇಳಿದಳು.

ಈಗ ಪ್ರತಿ ಭಾನುವಾರ ನಮ್ಮ ಅಂಗಳದಲ್ಲಿ ನಾಲ್ಕನೆಯ ಆಟದ ಅಭ್ಯಾಸ. ನಾನು ಒಂದು ಬಕೆಟ್ ನೀರು ಸುರಿದುಕೊಂಡು ಓಡಿಬಂದು ಹೆಲ್ಮೆಟ್, ಶೂ ಹಾಕಿಕೊಳ್ಳುತ್ತೇನೆ. ಶೂಗೆ ಮೊಮ್ಮಗಳು ಎಲಾಸ್ಟಿಕ್ ಲೇಸ್ ಹಾಕಿಕೊಟ್ಟಿದ್ದಾಳೆ. ಜಗಲಿಯ ಮೇಲೆ ಗಡಿಯಾರ ಹಿಡಿದು ಕೂತವಳು ನನ್ನಾಕೆ. ಹೋದ ವಾರ ಎರಡೂ ಬದಲಾವಣೆ ಸೇರಿ ಆರು ನಿಮಿಷಕ್ಕೆ ಬಂದಿದೆ. ಕೈ ಅಭ್ಯಾಸಬಲದಿಂದ ಟವೆಲಿನ ಕಡೆ ಹೋದರೆ ಜಗಲಿಯಿಂದ ಕೂಗು ಬರುತ್ತದೆ.

"ರೀ, ಮಡಚಬೇಡಿ! ಹಾಗೇ ಬಿಸಾಕಿ, ನಾನು ತೆಗೆದಿಡ್ತೀನಿ!"