ಇಕ್ಕೇರಿಯ ಬಿದಿರು ಕೋಟೆಯೂ ಮಲೆಯ ಸಂರಕ್ಷಣೆಯೂ

ಸಾಗರದಿಂದ ದಕ್ಷಿಣಕ್ಕೆ ಸುಮಾರು ಆರು ಕಿಲೋಮೀಟರು ದೂರದಲ್ಲಿರುವ ಇಕ್ಕೇರಿಗೆ ಬಂದವರಿಗೆ ಮೊದಲು ಕಾಣುವುದು ಅಘೋರೇಶ್ವರ ದೇವಾಲಯ. ಅನೇಕರಿಗೆ ಕಡೆಯವರೆಗೂ ಕಾಣುವುದು ಅದೊಂದೇ. ಹದಿನಾರನೆಯ ಶತಮಾನದಲ್ಲಿ ಕೆಳದಿಯಿಂದ ಇಲ್ಲಿಗೆ ಬಂದ ರಾಜಧಾನಿಯು ೧೬೩೯ರ ಸುಮಾರಿನವರೆಗೆ ಇಲ್ಲಿಯೇ ನೆಲಸಿದ್ದಿತು. ರಾಜಧಾನಿ ಇಲ್ಲಿಂದ ಹೋದ ಮೇಲೆಯೂ ಈ ಅರಸರ ನಾಣ್ಯಕ್ಕೆ ಇಕ್ಕೇರಿ ವರಾಹವೆಂಬ ಹೆಸರೇ ನಿಂತಿತು. ಅಷ್ಟು ಹೆಸರಾಂತ ಪಟ್ಟಣದ ಕೋಟೆಯೆಲ್ಲಿ, ಕೇರಿಗಳೆಲ್ಲಿ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಶತ್ರುಗಳು ಸುಟ್ಟರು, ಕಾಲ ನುಂಗಿತು ಎಂಬ ಉತ್ತರ ಸುಳ್ಳಲ್ಲವಾದರೂ ಅದು ಪೂರ್ತಿಯಾದ ಉತ್ತರವಲ್ಲ. ಇಕ್ಕೇರಿಯ ಕೋಟೆಯ ಬಹುಭಾಗವು ಕಟ್ಟಿದ್ದಲ್ಲ, ಬೆಳೆಸಿದ್ದು ಎಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ. ಈ ಸೀಮೆಯ ಮಲೆಗಳನ್ನು ಇಂದು ರಕ್ಷಿಸುತ್ತಿರುವ ಬಗೆಯನ್ನು ತೂಗಿನೋಡುವುದಕ್ಕೂ ಈ ಸಂಗತಿ ನೆರವಾಗುವುದು.

ಮುಖ್ಯ ಸಾಕ್ಷಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. ಈತನು ೧೬೨೩ರಲ್ಲಿ ಗೋವೆಯ ಪೋರ್ತುಗೀಜರು ವೆಂಕಟಪ್ಪ ನಾಯಕನಲ್ಲಿಗೆ ಕಳುಹಿಸಿದ ರಾಯಭಾರದೊಡನೆ ಬಂದವನು. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ, ಅಲ್ಲಿಂದ ದಟ್ಟವಾದ ಅಡವಿಯೊಳಗೆ ಘಟ್ಟ ಹತ್ತಿ, ನೆತ್ತಿಯಲ್ಲಿದ್ದ ಗೋವರ್ಧನಗಿರಿಯ ಕೋಟೆಯನ್ನು ಹಾಯ್ದು, ಅವನು ಇಕ್ಕೇರಿಯನ್ನು ಸೇರಿದನು. ಗೆಳೆಯನಿಗೆ ಬರೆದ ಕಾಗದಗಳಲ್ಲಿ ತಾನು ಕಂಡುದನ್ನು ಕಂಡಂತೆ ವರ್ಣಿಸಿದ್ದಾನೆ. ಪಟ್ಟಣಕ್ಕೆ ಮೂರು ಆವರಣಗಳಿದ್ದುವೆಂದೂ, ಅವುಗಳಲ್ಲಿ ಹೊರಗಿನ ಎರಡು ಗೋಡೆಗಳೇ ಅಲ್ಲವೆಂದೂ, ಒತ್ತೊತ್ತಾಗಿ ನೆಟ್ಟ ಎತ್ತರವಾದ ಬಿದಿರಿನ ಬೇಲಿಗಳೆಂದೂ ಅವನು ಹೇಳುತ್ತಾನೆ. ಕುದುರೆಗಾಗಲಿ ಕಾಲಾಳಿಗಾಗಲಿ ಅವು ದಾಟಲಶಕ್ಯ, ಕಡಿಯುವುದು ಕಷ್ಟ, ಬೆಂಕಿಯ ಭಯವೂ ಇಲ್ಲ. ಬಳ್ಳಿಗಳು ಹಬ್ಬಿ ಅವು ಹಸುರಾಗಿ ಸೊಗಸಾಗಿದ್ದುವೆಂಬ ಮಾತೂ ಅಲ್ಲಿದೆ. ಒಳಗಿನ ಮೂರನೆಯದು ಮಾತ್ರ ಗೋಡೆ, ಅದೂ ಅಷ್ಟೇನೂ ಬಲವಾದುದಲ್ಲ. ಹೊರಗಿನ ಆವರಣಗಳೊಳಗೆ ಮರಗಳ ನಡುವೆ ಮನೆಗಳು ಅಲ್ಲಲ್ಲಿ ಚೆದರಿಕೊಂಡಿದ್ದುವಂತೆ. ಇಂದಿನ ಮಲೆನಾಡಿನ ಹಳ್ಳಿಗಳನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವೆನಿಸದು.

ಪರದೇಶದವನೊಬ್ಬನ ಮಾತನ್ನೇ ನಂಬಿ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬಹುದೇ ಎಂದು ಶಂಕಿಸುವವರುಂಟು. ಆದರೆ ಸುಮಾರು ಎರಡೂಮುಕ್ಕಾಲು ಶತಮಾನ ಕಳೆದ ಮೇಲೆ, ೧೮೯೭ರ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸರೂ ಇಕ್ಕೇರಿಗೆ ಒಂದರ ಹೊರಗೊಂದರಂತೆ ಮೂರು ವಿಶಾಲವಾದ ಆವರಣಗಳಿದ್ದುವೆಂದು ಬರೆದಿದ್ದಾರೆ. ಅರಮನೆಯು ಮಣ್ಣು ಮತ್ತು ಮರದಿಂದ ಕಟ್ಟಿದ್ದೆಂದೂ ಅವರೇ ತಿಳಿಸುತ್ತಾರೆ. ಕಲ್ಲಿನದಾಗಿದ್ದುದು ದೇವರ ಮನೆಯೇ. ಮಣ್ಣು ಮರಗಳ ಮನೆಯು ಈ ಮಳೆಯಲ್ಲಿ ಎಷ್ಟು ಕಾಲ ನಿಂತೀತು? ಕಾಡಿನಿಂದ ಬಂದುದು ಕಾಡಿಗೇ ಮರಳಿತು.

ಬಿದಿರಿನ ಸ್ವಭಾವವನ್ನು ಬಲ್ಲವರಿಗೆ ಇದೊಂದು ದುರ್ಬಲವಾದ ಕೋಟೆಯೆನಿಸಲಾರದು. ಮುಳ್ಳುಬಿದಿರಿನ ಮೆಳೆಗಳು ಬೆಳೆದು ಒಂದಕ್ಕೊಂದು ಹೆಣೆದುಕೊಂಡರೆ ನಾಯಿ ನುಸುಳುವುದೂ ಕಷ್ಟ. ಕಡಿದ ಬೊಂಬು ಕೆಳಗೆ ಬೀಳದೆ ಮೇಲಿನ ಹೆಣಿಗೆಯಲ್ಲಿಯೇ ಸಿಕ್ಕಿ ನಿಲ್ಲುವುದು. ಕಲ್ಲಿನ ಗೋಡೆ ಬಿದ್ದರೆ ಕಟ್ಟಬೇಕು. ಬಿದಿರಿನಲ್ಲಿ ಕಂಡಿಯಾದರೆ ಮುಂದಿನ ಮಳೆಗಾಲದ ಕಳಲೆ ಅದನ್ನು ತುಂಬಲು ತೊಡಗುತ್ತದೆ. ಕೊರತೆಯೊಂದುಂಟು: ಹಲವು ದಶಕಗಳಿಗೊಮ್ಮೆ ಬಿದಿರು ಹೂತು, ಬಿದಿರಕ್ಕಿ ಉದುರಿಸಿ, ಒಟ್ಟಿಗೆ ಸತ್ತುಹೋಗುವುದು. ಹಾಗೆ ಕಟ್ಟೆಬಂದ ವರ್ಷಗಳಲ್ಲಿ ಪಟ್ಟಣದ ಕಾವಲು ಹೇಗೆ ನಡೆಯುತ್ತಿದ್ದಿತೋ ಎಂದು ಕುತೂಹಲವಾಗುತ್ತದೆ. ಇದರಿಂದ ಒಂದು ಮಾತಂತೂ ಸ್ಪಷ್ಟ. ಇಂಥ ಕೋಟೆಯನ್ನು ಒಮ್ಮೆ ಕಟ್ಟಿ ಬಿಡಲಾಗದು. ತಲೆಮಾರಿನಿಂದ ತಲೆಮಾರಿಗೆ ಕಾದು ಬೆಳೆಸಬೇಕು. ಕಾಡನ್ನು ಕಾಯುವುದು ಅಲ್ಲಿ ರಾಜ್ಯವನ್ನು ಕಾಯುವ ಕೆಲಸದ ಭಾಗವೇ ಆಗಿದ್ದಿತು.

೧೬೩೭-೩೮ರ ಸುಮಾರಿಗೆ ವಿಜಾಪುರದ ಸೇನಾನಿ ರಣದುಲ್ಲಾಖಾನನು ಇಕ್ಕೇರಿಯ ಮೇಲೆ ಬಿದ್ದು ಅದನ್ನು ಹಿಡಿದು ಸೂರೆಮಾಡಿದನು. ಅನಂತರ ವೀರಭದ್ರ ನಾಯಕನು ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದನು. ಕೆಳದಿ, ಇಕ್ಕೇರಿ, ಬಿದನೂರು ಈ ಮೂರನ್ನೂ ಭೂಪಟದ ಮೇಲೆ ಕ್ರಮವಾಗಿ ಗುರುತಿಸಿದರೆ ಅರಸೊತ್ತಿಗೆಯು ಬಯಲುಸೀಮೆಯ ಅಂಚನ್ನು ಬಿಟ್ಟು ಹೆಜ್ಜೆಹೆಜ್ಜೆಗೂ ಹೆಚ್ಚು ಮಳೆಯ, ಹೆಚ್ಚು ಕಾಡಿನ, ಘಟ್ಟದ ನೆತ್ತಿಗೆ ಹತ್ತಿರವಾದ ನೆಲಕ್ಕೆ ಸರಿದುದು ಕಂಡುಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವು ಕಷ್ಟಕಾಲದ ಆಸರೆಯಾದುದೂ ಇದೇ ನಡೆಗೆ ಒಪ್ಪುವ ಸಂಗತಿ. ಬಿದನೂರೆಂಬ ಹೆಸರನ್ನು ಬಿದಿರಿನಿಂದಲೇ ಬಿಡಿಸುವುದು ರೂಢಿ. ಸಂಸ್ಕೃತದಲ್ಲಿ ಅದು ವೇಣುಪುರ.

ಹಾಗೆಂದು ಕಾಡೇ ರಾಜ್ಯವನ್ನು ಕಾಪಾಡಿತೆಂದು ಹಾಡಿಹೊಗಳುವುದು ನಮಗೆ ಸಮ್ಮತವಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರಕೃತಿನಿರ್ಮಿತ ದುರ್ಗವೆಂಬ ಮಾತು ಬಹಳ ಸುಲಭವಾಗಿ ಬರುತ್ತದೆ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುದು ಮಳೆಯಿಲ್ಲದ ತಿಂಗಳುಗಳಲ್ಲಿ. ಹಿಂದೆ ಅಲ್ಲಿಯೇ ಮಂತ್ರಿಯಾಗಿದ್ದವನೊಬ್ಬನು ತೋರಿಸಿದ ಗುಪ್ತಮಾರ್ಗವು ಅವನಿಗೆ ನೆರವಾಯಿತೆಂದು ವಿಲ್ಕ್ಸನು ಬರೆದಿದ್ದಾನೆ. ೧೭೮೩ರ ಜನವರಿಯಲ್ಲಿ ಇಂಗ್ಲಿಷರ ದಳಪತಿ ಮ್ಯಾಥ್ಯೂಸನು ಹೊಸಂಗಡಿ ಘಟ್ಟವನ್ನು ಹತ್ತಿ ಅದೇ ಪಟ್ಟಣವನ್ನು ಹಿಡಿದನು. ಕೆಲವೇ ತಿಂಗಳಲ್ಲಿ ಟಿಪ್ಪುವು ಅದನ್ನು ಮರಳಿ ಪಡೆದನು. ಕಾಡು ಕಾಯುವುದು ಕಾಡಿನ ದಾರಿ ಬಲ್ಲವರು ತಮ್ಮವರಾಗಿರುವ ತನಕ ಮಾತ್ರ.

ಕಾಡಿನಿಂದ ರಾಜ್ಯಕ್ಕೆ ಒದಗಿದ ಇನ್ನೊಂದು ಲಾಭ ಕರಿಮೆಣಸು. ಪೋರ್ತುಗೀಜರ ರಾಯಭಾರ ಇಕ್ಕೇರಿಗೆ ಬಂದುದಕ್ಕೆ ಮೆಣಸಿನ ವ್ಯಾಪಾರವೂ ಒಂದು ಕಾರಣ. ಈ ಮೆಣಸಿನ ಒಂದು ಭಾಗ ತೋಟಗಳದು, ಇನ್ನೊಂದು ಭಾಗ ಕಾನುಗಳದು. ಕಾನೆಂದರೆ ಬರಿಯ ಕಾಡಲ್ಲ ಎಂಬುದನ್ನು ಹೊರಗಿನ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಎಲೆಯುದುರುವ ಕಾಡು, ಹುಲ್ಲುಬ್ಯಾಣ, ಗದ್ದೆಗಳ ನಡುವೆ ಸದಾ ಹಸುರಾಗಿ ನಿಂತ ದಟ್ಟವಾದ ಮರಗಳ ಗುಂಪು ಅದು. ಅದರೊಳಗೆ ಮೆಣಸಿನ ಬಳ್ಳಿ, ದಾಲ್ಚಿನ್ನಿ, ರಾಮಪತ್ರೆ, ಬೈನೆ. ಬದಿಯಲ್ಲಿ ಊರಿನ ದೇವರೋ ಭೂತವೋ. ತಗ್ಗಿನಲ್ಲಿ ಬತ್ತದ ಒಂದು ಸೆಲೆ. ೧೮೦೧ರಲ್ಲಿ ಸೊರಬ, ಇಕ್ಕೇರಿ, ನಗರಗಳ ಮಾರ್ಗವಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನನು ಇಂಥ ಮೆಣಸಿನ ಕಾಡುಗಳನ್ನು ಗಮನಿಸಿದ್ದಾನೆ. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ನೆರೆಯ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಒಂದು ವರದಿಯನ್ನೇ ಸಿದ್ಧಪಡಿಸಿದರು. ಆ ಒಂದು ತಾಲ್ಲೂಕಿನಲ್ಲಿಯೇ ಅವರು ಎಣಿಸಿದ ಕಾನುಗಳು ೧೭೧.

ಬುಕಾನನನ ಇನ್ನೊಂದು ಮಾತು ಇಲ್ಲಿ ಸ್ಮರಣೀಯ. ಘಟ್ಟದ ಕೆಳಗಣ ಉತ್ತರ ಕನ್ನಡದಲ್ಲಿ ಅಡವಿಗಳು ಊರದೇವರ ಸೊತ್ತೆಂದೂ, ದೇವರ ಪೂಜಾರಿಯೂ ಆಗಿರುವ ಗೌಡನ ಅಪ್ಪಣೆಯಿಲ್ಲದೆ ಮರ ಕಡಿದರೆ ಕೇಡು ತಪ್ಪದೆಂದೂ ಜನರು ಅವನಿಗೆ ತಿಳಿಸಿದರು. ಇದು ಸರಕಾರದ ಕೈ ಕಾಡಿನ ಮೇಲೆ ಬೀಳದಂತೆ ಹೂಡಿದ ಉಪಾಯವೆಂದು ಅವನ ಗುಮಾನಿ. ಕಂಪೆನಿಯ ನೌಕರನಿಗೆ ಹಾಗೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಭಕ್ತಿಯೂ ಉಪಾಯವೂ ಒಂದಕ್ಕೊಂದು ವಿರೋಧವಲ್ಲ. ಭಯ, ಮರ್ಯಾದೆ, ಲಾಭ ಮೂರೂ ಕೂಡಿದಲ್ಲಿಯೇ ಕಾನು ಉಳಿದಿದೆ. ಮೆಣಸಿನ ಲೆಕ್ಕ ಬಿಟ್ಟುಹೋಗಿ ಮರದ ದಿಮ್ಮಿಯ ಲೆಕ್ಕ ಮಾತ್ರ ಉಳಿದ ಕಾಲದಲ್ಲಿ ಅನೇಕ ಕಾನುಗಳು ಬರಿಯ ಹೆಸರಾಗಿ ಉಳಿದುವು.

ಈಗ ಸಂರಕ್ಷಣೆಯ ವಿಷಯ. ಶರಾವತಿ ಕಣಿವೆಯ ಅಭಯಾರಣ್ಯವು ೧೯೭೨ರಲ್ಲಿಯೂ, ಮೂಕಾಂಬಿಕಾ ಮತ್ತು ಶೆಟ್ಟಿಹಳ್ಳಿ ಅಭಯಾರಣ್ಯಗಳು ೧೯೭೪ರಲ್ಲಿಯೂ ಏರ್ಪಟ್ಟುವು. ಆಗುಂಬೆಯ ಮೀಸಲು ಅರಣ್ಯವು ೨೦೧೨ರಲ್ಲಿ ಪಶ್ಚಿಮಘಟ್ಟಗಳ ವಿಶ್ವಪರಂಪರೆಯ ತಾಣಗಳಲ್ಲಿ ಸೇರಿತು. ೨೦೧೯ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಅಘನಾಶಿನಿಯ ಕಡೆಯ ಕಾಡುಗಳೊಡನೆ ಕೂಡಿಸಿ ಸುಮಾರು ೯೩೦ ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವನ್ನಾಗಿ ಮಾಡಿದರು. ಇವೆಲ್ಲ ಪ್ರಾಣಿ, ಮರ, ಮಳೆಗಳನ್ನು ಕಂಡು ಎಳೆದ ಗೆರೆಗಳು. ಇನ್ನೊಂದು ಕಡೆ ೧೯೫೮ರ ಪ್ರಾಚೀನ ಸ್ಮಾರಕಗಳ ಕಾನೂನು ಇದೆ. ಅಘೋರೇಶ್ವರ ದೇವಾಲಯವೂ ನಗರದ ಕೋಟೆಯೂ ಅದರ ರಕ್ಷಣೆಯಲ್ಲಿವೆ. ಸ್ಮಾರಕದ ಸುತ್ತ ೧೦೦ ಮೀಟರು ನಿಷೇಧಿತ, ಅದರಾಚೆ ೨೦೦ ಮೀಟರು ನಿಯಂತ್ರಿತ. ದೆಲ್ಲಾ ವಾಲ್ಲೆ ಕಂಡ ಹೊರಗಣ ಎರಡು ಆವರಣಗಳನ್ನು ಈ ಮೀಟರುಗಳು ಒಳಗೊಳ್ಳಬಲ್ಲುವೆಂದು ಯಾರೂ ಹೇಳಲಾರರು. ಕಲ್ಲಿಗೆ ಕಾನೂನಿದೆ, ಸಿಂಗಳೀಕಕ್ಕೆ ಕಾನೂನಿದೆ. ನೆಟ್ಟು ಬೆಳೆಸಿದ ಕೋಟೆಗೆ, ಅದರ ಬುಡದ ಅಗಳಿಗೆ, ಮೆಣಸು ಹೊತ್ತ ಎತ್ತುಗಳು ಇಳಿದ ಘಟ್ಟದ ದಾರಿಗೆ ಎರಡರಲ್ಲಿಯೂ ಹೆಸರಿಲ್ಲ.

ಕೊಡಚಾದ್ರಿಯ ಉದಾಹರಣೆ ನೋಡಬಹುದು. ೧೩೪೩ ಮೀಟರು ಎತ್ತರದ ಈ ಬೆಟ್ಟವನ್ನು ಶೋಲೆಯ ಕಾಡಿಗಾಗಿ, ಹುಲ್ಲುಗಾವಲಿಗಾಗಿ, ಸರ್ವಜ್ಞಪೀಠಕ್ಕಾಗಿ ಕೊಂಡಾಡುತ್ತಾರೆ. ಮೇಲಿನ ದೇವಾಲಯದ ಬಳಿ ಒಂದು ಕಬ್ಬಿಣದ ಕಂಬವೂ ಇದೆ. ಅದು ಎರಕವಲ್ಲ, ಕಾಸಿ ಬಡಿದು ಬೆಸೆದುದು. ಎಲ್ಲಿಯೇ ಕಾಸಿದ್ದಿರಲಿ, ಕಬ್ಬಿಣಕ್ಕೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಮನುಷ್ಯನ ಕೈ ಸೋಕದ ಕಾಡೆಂದು ಈ ಮಲೆಯನ್ನು ವರ್ಣಿಸುವವರು ಆ ಕಂಬದ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದೊಳ್ಳೆಯದು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ನೀರಿನಲ್ಲಿ ಮುಳುಗಿದುವು. ನೆಲ ಕಳೆದುಕೊಂಡವರಲ್ಲಿ ಬಹುಮಂದಿಯನ್ನು ಕಾಡಿನ ಜಾಗಗಳಿಗೆ ಕಳುಹಿಸಿದರು. ಆ ನೆಲದ ಹಕ್ಕುಪತ್ರದ ಪ್ರಶ್ನೆ ಅವರ ಮೊಮ್ಮಕ್ಕಳ ಕಾಲಕ್ಕೂ ಇತ್ಯರ್ಥವಾಗಿಲ್ಲ. ೨೦೦೬ರ ಅರಣ್ಯಹಕ್ಕು ಕಾನೂನು ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳಿಂದ ೨೦೦೫ನೆಯ ಡಿಸೆಂಬರ್ ೧೩ಕ್ಕೆ ಹಿಂದಿನ ಮೂರು ತಲೆಮಾರುಗಳ, ಎಂದರೆ ೭೫ ವರ್ಷಗಳ ವಾಸದ ಆಧಾರವನ್ನು ಕೇಳುತ್ತದೆ. ಮುಳುಗಡೆಯಿಂದ ಬಂದವರು ಹೊಸ ಜಾಗದಲ್ಲಿ ಅಷ್ಟು ವರ್ಷಗಳನ್ನು ತೋರಿಸುವುದು ಲೆಕ್ಕದಿಂದಲೇ ಅಸಾಧ್ಯ. ಅವರ ಹಳೆಯ ಮನೆಗಳ ಆಧಾರ ನೀರಿನ ಕೆಳಗಿದೆ. ತಲೆಮಾರುಗಳಿಂದ ಇದ್ದಲ್ಲಿಯೇ ಇರುವವರ ಸಂಗತಿ ಬೇರೆ. ಅವರಿಗೆ ಈ ಕಾನೂನಿನ ನಿಯಮಗಳು ಸಾಕ್ಷ್ಯವಾಗಿ ಒಪ್ಪುವ ವಸ್ತುಗಳಲ್ಲಿ ಗೆಜೆಟಿಯರುಗಳು, ಕಂದಾಯದ ದಾಖಲೆಗಳು, ಹಳೆಯ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳು, ಹಿರಿಯರ ಹೇಳಿಕೆ ಇವೆಲ್ಲ ಸೇರಿವೆ. ಈ ಪಟ್ಟಿಯನ್ನು ಓದಿದ ಇತಿಹಾಸದ ಅಧ್ಯಾಪಕನಿಗೆ ಇದು ತನ್ನದೇ ಶಾಸ್ತ್ರದ ಆಕರಗಳ ಪಟ್ಟಿಯೆಂದು ತಿಳಿಯದಿರದು. ಕಾನಿನಲ್ಲಿ ದೇವರ ಕಲ್ಲೊಂದು ಯಾವ ಕಾಲದ್ದೆಂದು ಸರಿಯಾಗಿ ಗುರುತಿಸುವುದರ ಮೇಲೆ ಒಂದು ಊರಿನ ಅಹವಾಲು ನಿಂತಿರಬಹುದು. ಸುಳ್ಳು ಅಹವಾಲೊಂದು ಬೀಳುವುದೂ ಅದರಿಂದಲೇ.

ದಾರಿಗಳ ವಿಷಯದಲ್ಲಿ ತಡಮಾಡುವಂತಿಲ್ಲ. ೨೦೨೫ರ ಜುಲೈಯಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆಯಿತು. ಲಾಂಚಿಗಾಗಿ ಕಾದು ಬೇಸತ್ತ ದ್ವೀಪದ ಜನಕ್ಕೆ ಅದು ಬೇಕಾಗಿಯೇ ಇದ್ದಿತು. ಅದರ ಬಗೆಗೆ ನಮ್ಮ ಆಕ್ಷೇಪವಿಲ್ಲ. ಆದರೆ ಹೊಸ ದಾರಿಯ ಬದಿಯಲ್ಲಿ ನೆಲ ಅಗೆಯುವುದು, ಮಟ್ಟಮಾಡುವುದು, ಕಟ್ಟುವುದು ಎಲ್ಲೆಡೆಯೂ ಕಂಡ ಸಂಗತಿ. ಹಳೆಯ ಅಗಳು ಒಮ್ಮೆ ಮುಚ್ಚಿಹೋದರೆ ಅದನ್ನು ಯಾವ ಶಾಸನವೂ ಮರಳಿ ತೋರಿಸದು.

ಆದಕಾರಣ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಸಣ್ಣ ಸಣ್ಣ ತಂಡಗಳಾಗಿ ಮಾಡಬಹುದಾದ ಕೆಲಸವೊಂದನ್ನು ಇಲ್ಲಿ ಸೂಚಿಸುತ್ತೇವೆ. ಅಘೋರೇಶ್ವರ ದೇವಾಲಯವನ್ನು ನಡುವೆ ಇಟ್ಟುಕೊಂಡು ನಾಲ್ಕು ದಿಕ್ಕಿಗೂ ಹೊರಕ್ಕೆ ನಡೆಯುತ್ತ, ಅಗಳು, ಮಣ್ಣಿನ ದಿಬ್ಬ, ಕೆರೆ, ಬಿದಿರು ಮೆಳೆ, ಮಾಸ್ತಿಕಲ್ಲುಗಳನ್ನು ಸರ್ವೆಯ ನಕಾಶೆಯ ಮೇಲೆ ಗುರುತಿಸಬೇಕು. ಬ್ಯಾಣ, ಹಕ್ಕಲು, ಕಾನು ಎಂದು ಮೊದಲಾದ ಜಾಗದ ಹೆಸರುಗಳನ್ನು ಆಯಾ ಊರಿನ ಹಿರಿಯರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ತಾಳೆಯ ಗರಿ, ಕಡತಗಳನ್ನು ಹೋಲಿಸಿ ನೋಡಲು ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ಕೆಳದಿಯ ವಸ್ತುಸಂಗ್ರಹಾಲಯ ಹತ್ತಿರದಲ್ಲಿಯೇ ಇದೆ. ಖಾಸಗಿ ತೋಟಗಳನ್ನು ಯಜಮಾನರ ಅನುಮತಿಯಿಲ್ಲದೆಯೂ, ಮೀಸಲು ಕಾಡನ್ನು ಇಲಾಖೆಯ ಅನುಮತಿಯಿಲ್ಲದೆಯೂ ಹೊಗಕೂಡದು. ಮಾಘದಿಂದ ಚೈತ್ರದವರೆಗೆ, ಕುರುಚಲು ಒಣಗಿ ನೆಲ ಕಾಣುವ ತಿಂಗಳುಗಳು ಇದಕ್ಕೆ ತಕ್ಕ ಕಾಲ. ಮಳೆ ಹಿಡಿದ ಮೇಲೆ ಅಗಳಿಗೂ ಹಳ್ಳಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.