ಟೀವಿ ಕೊಳ್ಳುವ ಮುನ್ನ ಮನೆಯನ್ನು ನೋಡಿ



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮನೆಗೊಂದು ಹೊಸ ಟೀವಿ ಬೇಕೆಂದು ಮಕ್ಕಳು ಕೇಳುವುದು ಸಹಜ. ಪೇಟೆಯ ಅಂಗಡಿಗೆ ಹೋದರೆ ಗೋಡೆಯ ತುಂಬ ಟೀವಿಗಳು ಥಳಥಳಿಸುತ್ತಿರುತ್ತವೆ. ಹೆಚ್ಚು ಹೊಳೆಯುವುದೇ ಹೆಚ್ಚು ಒಳ್ಳೆಯದೆಂದು ತಿಳಿದು, ಸಾಲದ ಕಂತಿಗೆ ಒಪ್ಪಿ, ಅದನ್ನೇ ಮನೆಗೆ ತರುವವರು ಅನೇಕರು. ಮನೆಯಲ್ಲಿ ಹಚ್ಚಿದಾಗ ಅಂಗಡಿಯ ಆ ಚಿತ್ರ ಕಾಣುವುದಿಲ್ಲ. ಕಂತು ಮಾತ್ರ ಉಳಿಯುತ್ತದೆ. ನೆಲ ನೋಡಿ ಬೀಜ ಆರಿಸುವ ನೀವು ಮನೆ ನೋಡಿ ಟೀವಿ ಆರಿಸಿದರೆ ಈ ನಷ್ಟ ತಪ್ಪುತ್ತದೆ.

ಚುಕ್ಕಿಗಳ ಲೆಕ್ಕ

ಟೀವಿಯ ಚಿತ್ರವೆಂದರೆ ಸಣ್ಣ ಸಣ್ಣ ಚುಕ್ಕಿಗಳ ಸಮೂಹ. ‘ಎಚ್‌ಡಿ ರೆಡಿ’ ಎಂಬ ಟೀವಿಯಲ್ಲಿ ಸಾಮಾನ್ಯವಾಗಿ ಸುಮಾರು 10 ಲಕ್ಷ ಚುಕ್ಕಿಗಳಿರುತ್ತವೆ, ‘ಫುಲ್ ಎಚ್‌ಡಿ’ಯಲ್ಲಿ ಸುಮಾರು 20 ಲಕ್ಷ, ‘4ಕೆ’ಯಲ್ಲಿ ಸುಮಾರು 83 ಲಕ್ಷ. ಚುಕ್ಕಿ ಹೆಚ್ಚಿದಂತೆ ಬೆಲೆಯೂ ಹೆಚ್ಚು. ಆದರೆ ಟೀವಿಗೆ ಬರುವ ಚಿತ್ರದಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದನ್ನು ಮೊದಲು ಕೇಳಬೇಕು. ದೂರದರ್ಶನದ ಉಚಿತ ಡಿಶ್‌ನಲ್ಲಿ ಬರುವ ಬಹುಪಾಲು ಚಾನೆಲ್‌ಗಳು ಸಾಧಾರಣ ದರ್ಜೆಯವು. ಆ ದರ್ಜೆಯ ಪೂರ್ಣ ಅಳತೆಯೇ ಸುಮಾರು 4 ಲಕ್ಷ ಚುಕ್ಕಿ. ಅದನ್ನು 83 ಲಕ್ಷ ಚುಕ್ಕಿಗಳ ದೊಡ್ಡ ಪರದೆಗೆ ಹರಡುವುದು ಒಂದು ಸೇರು ಹಾಲಿಗೆ ನೀರು ಬೆರೆಸಿ ಹಂಡೆ ತುಂಬಿದಂತೆ. ಚಿತ್ರ ದೊಡ್ಡದಾದೀತು, ಸ್ಪಷ್ಟವಾಗದು. ಮನೆಯಲ್ಲಿ ಎಚ್‌ಡಿ ಚಾನೆಲ್‌ಗಳಿಗೆ ಹಣ ಕಟ್ಟುವವರಿಗೆ ಅಥವಾ ಒಳ್ಳೆಯ ಇಂಟರ್‌ನೆಟ್ ಉಳ್ಳವರಿಗೆ ಮಾತ್ರ ಹೆಚ್ಚಿನ ಚುಕ್ಕಿಗಳಿಂದ ಪ್ರಯೋಜನ ಉಂಟು.

ಕೂರುವ ದೂರ

ಟೀವಿ ಇಡುವ ಜಾಗದಿಂದ ಕೂರುವ ಜಾಗಕ್ಕೆ ಎಷ್ಟು ಅಡಿ ಎಂಬುದನ್ನು ಅಳೆದುಕೊಂಡು ಅಂಗಡಿಗೆ ಹೋಗಿರಿ. ಆರೋಗ್ಯವಾದ ಕಣ್ಣು ಕೂಡ ಒಂದು ದೂರದಾಚೆಗೆ ಚುಕ್ಕಿಗಳನ್ನು ಬಿಡಿಬಿಡಿಯಾಗಿ ಗುರುತಿಸಲಾರದು. 32 ಇಂಚಿನ ಟೀವಿಯನ್ನು 6 ಅಡಿಗಿಂತ ದೂರದಿಂದ ನೋಡಿದರೆ ಎಚ್‌ಡಿ ರೆಡಿಗೂ ಫುಲ್ ಎಚ್‌ಡಿಗೂ ಕಣ್ಣಿಗೆ ಹೆಚ್ಚಿನ ಭೇದ ತೋರುವುದಿಲ್ಲ. 43 ಇಂಚಿನ ಟೀವಿಯಲ್ಲಿ ಫುಲ್ ಎಚ್‌ಡಿಗೂ 4ಕೆಗೂ ಹೆಚ್ಚುಕಡಿಮೆ ಅಷ್ಟೇ ದೂರದ ಲೆಕ್ಕ. 8 ಅಡಿ ದೂರ ಕೂರುವ ಮನೆಯವರು ಕಾಣದ ಚುಕ್ಕಿಗಳಿಗೆ ಹಣ ಕೊಡುವುದೇಕೆ?

ಕೂರುವ ರೀತಿ ಮತ್ತು ಬೆಳಕು

ನಮ್ಮ ಮನೆಗಳಲ್ಲಿ ಟೀವಿಯ ಮುಂದೆ ನೇರವಾಗಿ ಕೂರುವವರು ಒಬ್ಬಿಬ್ಬರು. ಉಳಿದವರು ಬದಿಯ ಮಂಚದ ಮೇಲೆ, ಬಾಗಿಲ ಬಳಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಾರೆ. ಪರದೆಗಳಲ್ಲಿ ಮುಖ್ಯವಾಗಿ ಎರಡು ಬಗೆ ಉಂಟು. ‘ಐಪಿಎಸ್’ ಎಂಬ ಬಗೆಯನ್ನು ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದು. ‘ವಿಎ’ ಎಂಬ ಬಗೆಯಲ್ಲಿ ಕಪ್ಪು ಗಾಢವಾಗಿದ್ದು ಕತ್ತಲೆಯ ಕೋಣೆಯಲ್ಲಿ ಚಿತ್ರ ಚೆಂದ. ಆದರೆ ಬದಿಯಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ. ಎಲ್ಲರೂ ಸುತ್ತ ಕೂತು ನೋಡುವ ಮನೆಗೆ ಮೊದಲನೆಯದು ಮೇಲು.

ಬಾಗಿಲು ಅಥವಾ ಕಿಟಕಿಗೆ ಎದುರಾಗಿ ಟೀವಿ ಇಟ್ಟರೆ ಪರದೆಯಲ್ಲಿ ಅಂಗಳವೇ ಪ್ರತಿಬಿಂಬಿಸುತ್ತದೆ. ಎಷ್ಟು ಬೆಲೆಯ ಟೀವಿಯಾದರೂ ಇದಕ್ಕೆ ಹೊರತಲ್ಲ. ಆದಕಾರಣ ಕಿಟಕಿ ಟೀವಿಯ ಪಕ್ಕಕ್ಕೆ ಬರುವಂತೆ ಜಾಗ ಗೊತ್ತುಮಾಡಿರಿ.

ದೋಷ ಟೀವಿಯದೋ, ಡಿಶ್‌ನದೋ?

1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಇಂದಿನ ವಿಜಯಪುರ, ಕಲಬುರಗಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ಟೀವಿ ತೋರಿಸಿದ್ದು ಹಿರಿಯರಿಗೆ ನೆನಪಿರಬಹುದು. ಆಗ ತಂತಿಬಲೆಯ ದೊಡ್ಡ ತಟ್ಟೆ ಚಿತ್ರವನ್ನು ಹಿಡಿಯುತ್ತಿತ್ತು. ಈಗ ತಟ್ಟೆ ಚಿಕ್ಕದಾಗಿದೆ, ಆದರೆ ಅದರ ಮಹತ್ವ ಕುಗ್ಗಿಲ್ಲ. ಚಿತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ, ನಿಂತು ನಿಂತು ಬರುತ್ತಿದ್ದರೆ, ಅದು ಹೆಚ್ಚಾಗಿ ಡಿಶ್‌ನ ಅಥವಾ ತಂತಿಯ ದೋಷ. ಹೊಸ ಟೀವಿ ತಂದರೂ ಹೋಗದು. ದೂರದರ್ಶನದ ಉಚಿತ ಡಿಶ್‌ನ ತಟ್ಟೆ ನಮ್ಮ ನಾಡಿನಲ್ಲಿ ಆಗ್ನೇಯ ದಿಕ್ಕಿಗೆ ಮುಖ ಮಾಡಿರಬೇಕು. ಆ ದಿಕ್ಕಿನಲ್ಲಿ ಮಾವಿನ ಕೊಂಬೆಯೋ ತೆಂಗಿನ ಗರಿಯೋ ಅಡ್ಡ ಬೆಳೆದಿದೆಯೇ ನೋಡಿರಿ. ಡಿಶ್‌ನ ಪೆಟ್ಟಿಗೆಯಿಂದ ಟೀವಿಗೆ ಕೆಂಪು, ಬಿಳಿ, ಹಳದಿ ಮೂತಿಯ ತಂತಿ ಹಾಕಿದ್ದು, ಪೆಟ್ಟಿಗೆಯಲ್ಲಿ ‘ಎಚ್‌ಡಿಎಂಐ’ ಕಿಂಡಿಯೂ ಇದ್ದರೆ, ಆ ತಂತಿಗೆ ಬದಲಾಯಿಸಿರಿ. ಅಲ್ಪ ಖರ್ಚಿನಲ್ಲಿ ಚಿತ್ರ ತಿಳಿಯಾಗುತ್ತದೆ. ಹೊಸ ಟೀವಿಯ ಅಗತ್ಯವೇ ಇಲ್ಲವೆಂದು ಆಗ ಕಂಡರೂ ಕಾಣಬಹುದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

1. ಅಂಗಡಿಯವರು ಬೆಳಕು, ಬಣ್ಣ ಏರಿಸಿ ಇಟ್ಟಿರುತ್ತಾರೆ. ರಿಮೋಟ್‌ನಿಂದ ‘ಸ್ಟ್ಯಾಂಡರ್ಡ್’ ಅಥವಾ ‘ಸಿನಿಮಾ’ ಎಂಬಲ್ಲಿಗೆ ತರಲು ಹೇಳಿರಿ.

2. ಅಂಗಡಿಯವರು ಹಾಕುವ ಚಿತ್ರ ಟೀವಿ ಮಾರುವುದಕ್ಕೆಂದೇ ತಯಾರಾದದ್ದು. ನೀವು ಮನೆಯಲ್ಲಿ ನೋಡುವ ಚಾನೆಲ್ಲನ್ನೇ ಹಾಕಿಸಿರಿ.

3. ಮನೆಯವರ ಮುಖ, ಹಸಿರು ಪೈರು, ರಾತ್ರಿಯ ದೀಪ, ಇವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಪರಿಚಿತ ಮುಖದ ಬಣ್ಣ ಸರಿಯಿದೆಯೇ ಎಂಬುದನ್ನು ನಿಮ್ಮಷ್ಟು ಚೆನ್ನಾಗಿ ಮಾರಾಟಗಾರ ಹೇಳಲಾರ.

4. ಮನೆಯಲ್ಲಿ ಅಳೆದ ದೂರದಷ್ಟೇ ಹಿಂದೆ ಸರಿದು ನೋಡಿರಿ. ಬಳಿಕ ಎಡಕ್ಕೂ ಬಲಕ್ಕೂ ಹೋಗಿ ನೋಡಿರಿ.

5. ಮನೆಯ ಹಿರಿಯರನ್ನೂ ಹೆಂಗಸರನ್ನೂ ಜೊತೆಗೆ ಕರೆದೊಯ್ಯಿರಿ. ನೋಡುವ ಕಣ್ಣುಗಳು ಅವರವೂ ಹೌದು.

ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವಾಗ ಕೊಂಬಿನ ಬಣ್ಣಕ್ಕೆ ಯಾರೂ ಮರುಳಾಗುವುದಿಲ್ಲ. ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುತ್ತಾರೆ. ಟೀವಿಗೂ ಅದೇ ಎಚ್ಚರ ಸಾಕು. ಮನೆಗೆ ತಕ್ಕದ್ದನ್ನು ಆರಿಸಿರಿ. ಉಳಿದ ಹಣ ಮುಂಗಾರಿನ ಬೀಜ ಗೊಬ್ಬರಕ್ಕೆ ಒದಗಲಿ.