ಹಾಲಿನ ಮಾಪಕವೂ ನಮ್ಮ ಅವಸರವೂ

ಹಾಲಿನಲ್ಲಿ ನೀರು ಬೆರೆತಿದೆಯೋ ಎಂಬ ಸಂಶಯವಿಲ್ಲದ ಗೃಹಸ್ಥನು ವಿರಳ. ಈ ಸಂಶಯದ ನಿವಾರಣೆಗೆಂದು ಕೆಲವು ವರ್ಷಗಳ ಕೆಳಗೆ ನಾವು ಗಾಜಿನ ಲ್ಯಾಕ್ಟೊಮೀಟರೊಂದನ್ನು ಕೊಂಡುತಂದೆವು. ತಂದ ದಿನವೇ ಅದರ ದೆಸೆಯಿಂದ ನಿರಪರಾಧಿಯೊಬ್ಬಳ ಮನಸ್ಸನ್ನು ನೋಯಿಸಿದೆವು.

ಇದು ದ್ರವಗಳ ಸಾಂದ್ರತೆಯನ್ನಳೆಯುವ ಹೈಡ್ರಾಮೀಟರಿನ ಒಂದು ಭೇದ. ಕೆಳಗೆ ಭಾರವಿಟ್ಟ ಬುರುಡೆ, ಮೇಲೆ ಗೆರೆಗಳುಳ್ಳ ಸಣ್ಣ ನಾಳ. ಇಷ್ಟೇ ಇದರ ಸ್ವರೂಪ. ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ದ್ರವವನ್ನು ಪಕ್ಕಕ್ಕೆ ಸರಿಸುವುದೆಂದು ಕ್ರಿ. ಪೂ. 3ನೆಯ ಶತಮಾನದಲ್ಲಿ ಸಿರಾಕ್ಯೂಸಿನ ಆರ್ಕಿಮಿಡೀಸನು ತೋರಿಸಿದನಷ್ಟೆ. ಆದಕಾರಣ ದ್ರವವು ಸಾಂದ್ರವಾದಷ್ಟೂ ನಾಳವು ಮೇಲೆದ್ದು ನಿಲ್ಲುವುದು, ತೆಳುವಾದಷ್ಟೂ ಮುಳುಗುವುದು. ನಾಳದ ಅಂಕೆಗಳು ಮೇಲಿನಿಂದ ಕೆಳಕ್ಕೆ ಹೆಚ್ಚುತ್ತ ಹೋಗುವುದು ಇದರಿಂದಲೇ. 30 ಎಂದರೆ, ನೀರಿನ ತೂಕವು 1 ಆದಲ್ಲಿ ಅಷ್ಟೇ ಅಳತೆಯ ಹಾಲಿನ ತೂಕವು 1.030 ಎಂದರ್ಥ. ಹಸುವಿನ ಶುದ್ಧವಾದ ಹಾಲು ಸಾಮಾನ್ಯವಾಗಿ 28ರಿಂದ 32ರವರೆಗೆ ತೋರುವುದು.

ಅಂದು ಹಾಲಿನವಳು ತಂದ ನೊರೆಹಾಲಿನಲ್ಲಿ ಮಾಪಕವು 25ನ್ನು ತೋರಿಸಿತು. ಆರರಲ್ಲೊಂದು ಪಾಲು ನೀರೆಂದು ಲೆಕ್ಕಹಾಕಿ, ನಾಲ್ಕು ಜನರೆದುರಿಗೆ ಅವಳನ್ನು ಗದರಿಸಿಬಿಟ್ಟೆವು. “ಈಗ್ತಾನೆ ಕರೆದು ತಂದಿದೀನಿ ಸ್ವಾಮಿ, ನಾಳೆ ನೀವೇ ಬಂದು ನಿಂತು ನೋಡಿ” ಎಂದಳು. ಮರುದಿನ ಹೋಗಿ ನಿಂತೆವು. ಒಣಗಿದ ಪಾತ್ರೆಯಲ್ಲಿ ನಮ್ಮ ಕಣ್ಣೆದುರಿಗೇ ಕರೆದಳು. ಮಾಪಕವು ಪುನಃ 25!

ಕನ್ನಡಕವನ್ನೇರಿಸಿ ನೋಡಲಾಗಿ ನಾಳದ ಮೇಲೆ 60 ಡಿಗ್ರಿ ಫ್ಯಾರನ್‌ಹೀಟ್ ಎಂಬ ಸಣ್ಣಕ್ಷರಗಳು ಕಂಡವು. ಆಗತಾನೆ ಕರೆದ ಹಾಲೋ 95 ಡಿಗ್ರಿಯಷ್ಟು ಬೆಚ್ಚಗಿದ್ದಿತು. ಬಿಸಿಯಾದ ಹಾಲು ಹಿಗ್ಗಿ ಹಗುರವಾಗುವುದು. ಅದರೊಳಗಣ ಗಾಳಿಗುಳ್ಳೆಗಳೂ ಇನ್ನೂ ಗಟ್ಟಿಯಾಗದ ಜಿಡ್ಡೂ ಅಂಕೆಯನ್ನು ಮತ್ತಷ್ಟು ತಗ್ಗಿಸುವುವು. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಎರಡು ಗಂಟೆ ಕಾದೆವು. ಹಾಲು 78 ಡಿಗ್ರಿಗೆ ಇಳಿದಾಗ ಮಾಪಕವು 28½ಕ್ಕೆ ಏರಿತ್ತು. 60ರ ಮೇಲಿನ ಪ್ರತಿ ಡಿಗ್ರಿಗೂ ಹತ್ತನೆಯ ಒಂದು ಪಾಲನ್ನು ಕೂಡಿಸಬೇಕೆಂಬುದು ವಾಡಿಕೆಯ ಲೆಕ್ಕ. ಅದರಂತೆ 30ನ್ನು ದಾಟಿತು. ಹಾಲು ಬಹಳ ಬಿಸಿಯಾಗಿದ್ದರೆ ಈ ಲೆಕ್ಕವನ್ನೂ ನೆಚ್ಚುವಂತಿಲ್ಲ. ಬೇರೆ ಉಷ್ಣಾಂಶಕ್ಕೆ ಗುರುತಿಸಿದ ಮಾಪಕಗಳೂ ಉಂಟಾದುದರಿಂದ ಮೊದಲು ಆ ಸಣ್ಣಕ್ಷರಗಳನ್ನೇ ಓದತಕ್ಕದ್ದು.

ಹಾಲನ್ನು ನೊರೆಯೇಳದಂತೆ ಕಲಕಿ, ಎತ್ತರವಾದ ಪಾತ್ರೆಗೆ ಸುರಿದು, ಮಾಪಕವು ಅಂಚಿಗೆ ತಗಲದಂತೆ ಮೆಲ್ಲನೆ ಬಿಟ್ಟು, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ಓದಬೇಕು.

ಇಷ್ಟಾದರೂ ಇದು ನಮ್ಮ ಕವಿಗಳು ಹೊಗಳಿದ ಹಂಸವಲ್ಲ. ಕೆನೆಯು ಹಗುರವಾದುದರಿಂದ ಅದನ್ನು ತೆಗೆದರೆ ಅಂಕೆಯು ಏರುವುದು. ಬಳಿಕ ನೀರು ಹೊಯ್ದರೆ ಮೊದಲಿನ ಅಂಕೆಗೇ ಇಳಿಯುವುದು. ಈ ಇಮ್ಮಡಿ ಕಳವನ್ನು ಮಾಪಕವೊಂದೇ ಹಿಡಿಯಲಾರದು. ಜಿಡ್ಡಿನ ಪರೀಕ್ಷೆಯೂ ಬೇಕು.

ಆ ಸಂಜೆಯೇ ಕೊಟ್ಟಿಗೆಗೆ ಹೋಗಿ ತಪ್ಪಾಯಿತೆಂದು ಹೇಳಿಬಂದೆವು. ಅವಳು ಈಗಲೂ ನಮಗೆ ಹಾಲು ಹಾಕುತ್ತಾಳೆ. ನಮ್ಮ ಕೈಯಲ್ಲಿ ಗಾಜಿನ ನಾಳವನ್ನು ಕಂಡರೆ ಮಾತ್ರ, “ಆರ್ಲಿ ತಾಳಿ ಸ್ವಾಮಿ” ಎನ್ನುತ್ತಾಳೆ.